ಹೊಲಿಗೆ ಮುಗಿಯದ ಕೌದಿ

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ "ನಮ್ಮೂರ ಕೆರೆ ಏರಿ ಮೇಲೆ ಒಂದಿನ..." ಎಂದು ಒಬ್ಬ ಬಾಯಿ ತೆರೆದರೆ ಸಾಕು, ತಟ್ಟೆ ಎತ್ತಿಕೊಂಡು ಬೇರೆ ಬೆಂಚಿಗೆ ಹೋಗುತ್ತಿದ್ದೆ. ಹದಿನೆಂಟು ವರ್ಷ ಪವರ್ ಪ್ರೆಸ್ ಮುಂದೆ ನಿಂತವನಿಗೆ ಕಬ್ಬಿಣ, ಎಣ್ಣೆ, ಅಳತೆ ಇಷ್ಟರ ಮೇಲೆ ಮಾತ್ರ ನಂಬಿಕೆ. ಈಗಲೂ ದೆವ್ವ ಇದೆ ಎಂದು ಸಾಧಿಸಲು ಇದನ್ನು ಬರೆಯುತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಿಮಗೇನಾದರೂ ಅರ್ಥವಾದರೆ ನನಗೂ ಒಂದು ಮಾತು ತಿಳಿಸಿ.

ಏಳೆಂಟು ವರ್ಷದ ಹಿಂದಿನ ಮಾತು. ಆಗ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೆ. ಪ್ರೆಸ್ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ತಗಡನ್ನು ಅಚ್ಚಿನ ಮೇಲಿಟ್ಟು ಕಾಲಲ್ಲಿ ಪೆಡಲ್ ತುಳಿದರೆ ಮೇಲಿನಿಂದ ನಲವತ್ತು ಟನ್ ಬಂದು ಬಡಿಯುತ್ತದೆ. ಅದು ಮೇಲೇರಿದ ಕೂಡಲೇ ಕೈ ಹಾಕಿ ತುಂಡನ್ನು ತೆಗೆಯಬೇಕು. ಕೈ ತಡೆಯಲು ಒಂದು ಗಾರ್ಡ್ ಇರುತ್ತದೆ. ಕೆಲಸ ಬೇಗ ಸಾಗಲಿ ಎಂದು ಅದನ್ನು ನಾವೇ ಬಿಚ್ಚಿ ಗೋಡೆಗೆ ಒರಗಿಸಿದ್ದೆವು. ಗಾರ್ಡ್ ಹಾಕಿಕೊಂಡು ಕೆಲಸ ಮಾಡುವವನು ಹೊಸಬ ಎಂದು ನಗುತ್ತಿದ್ದವರಲ್ಲಿ ನಾನೂ ಒಬ್ಬ.

ದೀಪಾವಳಿ ಕಳೆದು ಹತ್ತು ದಿನಕ್ಕೆ ಪಕ್ಕದ ಪ್ರೆಸ್ಸಿನ ನಾಗರಾಜನ ಎರಡು ಬೆರಳು ಹೋದವು. ನಾನೇ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿದ್ದೆ. ಅವತ್ತಿನಿಂದ ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಪ್ರೆಸ್ ಇಳಿಯುತ್ತಿತ್ತು, ಧಡಾರನೆ ಎದ್ದು ಕೂರುತ್ತಿದ್ದೆ. ಮೂರು ವಾರ ಹೀಗೇ ಆಯಿತು. ಒಂದು ಶುಕ್ರವಾರ ಯಂತ್ರದ ಮುಂದೆ ನಿಂತಲ್ಲೇ ತೂಕಡಿಸಿದೆ. ಎಚ್ಚರಾದಾಗ ನನ್ನ ಬಲಗೈ ಅಚ್ಚಿನ ಮೇಲಿತ್ತು, ಕಾಲು ಪೆಡಲ್ ಪಕ್ಕದಲ್ಲಿತ್ತು. ಒಂದು ಅಂಗುಲದಲ್ಲಿ ಉಳಿದಿದ್ದೆ. ಸೋಮವಾರದ ಫಸ್ಟ್ ಶಿಫ್ಟಿನೊಳಗೆ ಒಂದು ರಾತ್ರಿಯಾದರೂ ನಿದ್ದೆ ಮಾಡದಿದ್ದರೆ ನಾಗರಾಜನ ಗತಿಯೇ ನನ್ನದೂ ಎಂದು ಹೆದರಿಹೋದೆ.

ನಿದ್ದೆ ಬಾರದವನ ಫೋನು ನಿದ್ದೆಯ ಅಂಗಡಿಯಾಗುತ್ತದೆ. ದಿಂಬು, ಎಣ್ಣೆ, ಮಾತ್ರೆ ಎಲ್ಲ ತೋರಿಸಿ ಕೊನೆಗೆ ಅದು ನನಗೊಂದು ಹ್ಯಾಮಕ್ ಮಾರಿತ್ತು. ಕಾಡಿಗೆ ಹೋಗುವವರು ಎರಡು ಮರದ ನಡುವೆ ಕಟ್ಟಿಕೊಂಡು ಮಲಗುವ ಬಟ್ಟೆಯ ಜೋಲಿ ಅದು. ನನ್ನ ಬಾಡಿಗೆ ಕೋಣೆಯ ಗೋಡೆಗೆ ಅಂಟಿಕೊಂಡೇ ಒಂದು ವರ್ಕ್‌ಶಾಪು, ಅದರ ಕಂಪ್ರೆಸರ್ ಬಡಿತ ನೇರ ತಲೆದಿಂಬಿಗೆ. ಹೊರಗೆ ಅಂಗಳದ ತುದಿಯಲ್ಲಿ ಎರಡು ಹೊಂಗೆ ಮರಗಳಿದ್ದವು. ಒಂದು ಕಾಲಕ್ಕೆ ಅದೆಲ್ಲ ರಾಗಿ ಹೊಲವಂತೆ. ಈಗ ಮನೆಯೊಡತಿ ಮುನಿಯಮ್ಮನವರು ಅದರಲ್ಲಿ ಹನ್ನೊಂದು ಕೋಣೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು, ಮರಗಳನ್ನು ಮಾತ್ರ ಕಡಿಸಿರಲಿಲ್ಲ.

ಶನಿವಾರ ರಜೆ ಹಾಕಿ, ಸಂಜೆ ಹ್ಯಾಮಕ್ ಕಟ್ಟಿದೆ. ಅದರ ಜೊತೆ ಬಂದ ಹಗ್ಗ ನೂಲಿನ ಹಾಗೆ ಕಂಡಿದ್ದರಿಂದ ಲಾರಿಗೆ ಸರಕು ಬಿಗಿಯುವ ಬೆಲ್ಟ್ ತಂದು ಹಾಕಿ, ಅದರ ಹಲ್ಲುಚಕ್ರದ ಹಿಡಿಯನ್ನು ಕರಕರ ತಿರುಗಿಸಿ ಬಿಗಿದೆ. ಬಿಗಿ ಮಾಡುವುದು ನಮ್ಮ ಕಸುಬು. ಸಡಿಲ ಕಂಡರೆ ಕೈ ಸುಮ್ಮನಿರುವುದಿಲ್ಲ. ಮೇಲೆ ರಸಮಟ್ಟ ಬೇರೆ ಇಟ್ಟು ನೋಡಿದೆ, ಗುಳ್ಳೆ ಸರಿಯಾಗಿ ನಡುವೆ ನಿಂತಿತ್ತು. ಬಹಳ ಹೆಮ್ಮೆಯಾಯಿತು. ಅವತ್ತು ರಾತ್ರಿ ಆ ಹೆಮ್ಮೆಯ ಮೇಲೆ ಮಲಗಿ ನೋಡಿದೆ. ಭುಜಗಳನ್ನು ಎರಡೂ ಕಡೆಯಿಂದ ಯಾರೋ ಅದುಮಿ ಹಿಡಿದ ಹಾಗೆ. ಮಾಗಿಯ ಚಳಿ. ಮೇಲೆ ಎರಡು ರಗ್ಗು ಹೊದ್ದರೂ ಬೆನ್ನು ಮಂಜುಗಡ್ಡೆ. ಬೆಳಗಿನವರೆಗೆ ನಕ್ಷತ್ರ ನೋಡಿದೆ.

ಬೆಳಗ್ಗೆ ನನ್ನ ಅವಸ್ಥೆ ನೋಡಿ ನಕ್ಕವಳು ಪಕ್ಕದ ಕೋಣೆಯ ಗಂಗವ್ವ. ಕೊಪ್ಪಳದ ಕಡೆಯವಳು, ಗಂಡನ ಜೊತೆ ಕಟ್ಟಡ ಕೆಲಸಕ್ಕೆ ಬಂದವಳು. ಕೆಲಸದ ಜಾಗದಲ್ಲಿ ಸೀರೆಯಲ್ಲಿ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿ ಇಟ್ಟಿಗೆ ಹೊರುತ್ತಿದ್ದವಳು.

"ಅಣ್ಣಾರ, ಜೋಳಿಗಿ ಹಿಂಗ ಬಿಗೀಬಾರದ್ರಿ. ಸಡ್ಲ ಬಿಡ್ರಿ, ಮೂಲಿಗೆ ಮೂಲಿ ಅಡ್ಡ ಮಕ್ಕೋರಿ, ಬೆನ್ನು ನೆಟ್ಟಗಾಗತೈತಿ. ಚಳಿ ಮ್ಯಾಲಿಂದಲ್ರಿ, ತಳದಾಗಿಂದ ಬರತೈತಿ. ಕೌದಿ ಒಳಗ ಹಾಸಿದ್ರ ಮೈಭಾರಕ್ಕ ಅಪ್ಪಚ್ಚಿ ಆಕ್ಕೈತಿ. ಹೊರಗಿಂದ, ಕೆಳಗ ಕಟ್ಟಬೇಕ್ರಿ" ಎಂದಳು.

ಎಲ್ಲ ಸರಿಯಾಗಿಯೇ ಹೇಳಿದ್ದಳು. ಆದರೆ ಹದಿನೆಂಟು ವರ್ಷದ ಅನುಭವಕ್ಕೆ ಮೂಗಿನ ತುದಿಯಲ್ಲಿ ಕೋಪ. ನನಗೆ ಕಟ್ಟುವುದನ್ನು ಹೇಳಿಕೊಡುವಷ್ಟಾದಳೇ ಎಂದುಕೊಂಡು ಅವಳ ಎದುರಿಗೇ ಬೆಲ್ಟನ್ನು ಚಕ್ರದ ಇನ್ನೂ ಎರಡು ಹಲ್ಲಿನಷ್ಟು ಬಿಗಿದೆ. ರಾತ್ರಿ ಜಾರಿದರೆ ಗೊತ್ತಾಗಲಿ ಎಂದು ಬೆಲ್ಟ್ ಮತ್ತು ಹಿಡಿ ಎರಡನ್ನೂ ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ಒಂದಿಷ್ಟು ಸರಿದರೂ ಗೆರೆ ಮುರಿಯುತ್ತದೆ. ಗಂಗವ್ವ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಮಧ್ಯಾಹ್ನ ಮೇಸ್ತ್ರಿಯ ಗಾಡಿ ಬಂದು ಅವಳ ಸಂಸಾರವನ್ನು, ಹಾಸಿಗೆ ಸಮೇತ, ವರ್ತೂರಿನ ಕಡೆ ತಾರಸಿಗೆ ಮೋಲ್ಡ್ ಹಾಕುವ ಕೆಲಸಕ್ಕೆ ಕರೆದುಕೊಂಡು ಹೋಯಿತು.

ಸಂಜೆ ಬೆಲ್ಟ್ ಜಾರುತ್ತದೆಯೇ ನೋಡೋಣವೆಂದು ಖಾಲಿ ಜೋಲಿಯನ್ನು ಹಿಡಿದು ತೂಗುತ್ತಿದ್ದೆ. ಹಸುವಿಗೆ ಹುಲ್ಲು ಹಾಕುತ್ತಿದ್ದ ಮುನಿಯಮ್ಮ ಅಲ್ಲಿಂದಲೇ ಕೂಗಿದರು.

"ಏಯ್, ಬರೀ ತೊಟ್ಟಿಲು ತೂಗ್ಬಾರ್ದು ಕಣಪ್ಪ, ನಿಲ್ಸು!"

"ಇದು ತೊಟ್ಟಿಲಲ್ಲ ಅಮ್ಮ. ಇದ್ರಲ್ಲಿ ಮಗೂನೂ ಇಲ್ಲ."

"ಮಲಗೋನು ನೀನೇ ತಾನೆ? ಅಂಗಾದ್ರೆ ನೀನೇ ಮಗು. ಒಸ ತೊಟ್ಟಿಲಿಗೆ ಮೊದ್ಲು ಗುಂಡಪ್ಪ ಮಲಗ್ಬೇಕು, ಇರು."

ಒಳಗೆ ಹೋಗಿ ರುಬ್ಬುಗುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಮಗುವಿಗೆ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಆ ಕಲ್ಲನ್ನು ಮಲಗಿಸುವುದನ್ನು ನೀವೂ ನೋಡಿರುತ್ತೀರಿ. ಹಾಗೆಯೇ ಅದನ್ನು ನನ್ನ ಜೋಲಿಯಲ್ಲಿಟ್ಟು ಮೂರು ಸಲ ತೂಗಿ, ಏನೋ ಗುನುಗಿದರು. ನನಗೆ ನಾಚಿಕೆಯಾಗಿ ಆ ಕಡೆ ಈ ಕಡೆ ನೋಡಿದೆ. "ಗುಂಡಪ್ಪ ಇಲ್ಲೇ ಇರ್ಲಾ ಅಮ್ಮ?" ಎಂದು ರೇಗಿಸಿದ್ದಕ್ಕೆ, "ನಾಳೆ ಚಟ್ನಿ ನಿಮ್ಮಪ್ಪ ಅರೀತಾನಾ?" ಎಂದು ಕಲ್ಲನ್ನು ಎತ್ತಿಕೊಂಡು ಹೋದರು.

ಭಾನುವಾರದ ರಾತ್ರಿ ಪೀಣ್ಯ ಬೇರೆಯೇ ಊರು. ಪ್ರೆಸ್ಸುಗಳಿಲ್ಲ, ಲಾರಿಗಳಿಲ್ಲ, ಪಕ್ಕದ ಕಂಪ್ರೆಸರ್ ಕೂಡ ಮಲಗಿರುತ್ತದೆ. ಮಂಜು ಇಳಿದು ಬೀದಿದೀಪದ ಬೆಳಕು ಹಾಲು ಬೆರೆಸಿದಂತಾಗಿತ್ತು. ಗಾಳಿ ಇರಲಿಲ್ಲ. ಹೊಂಗೆಯ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಬಿಗಿದ ಜೋಲಿಯ ಮೇಲೆ ಹಲಗೆಯ ಮೇಲೆ ಹೆಣ ಮಲಗಿದ ಹಾಗೆ ಮಲಗಿ, ತಣ್ಣಗಾಗುತ್ತಿದ್ದ ಬೆನ್ನನ್ನು ಬೈದುಕೊಳ್ಳುತ್ತಾ ಆರು ಗಂಟೆಯ ಶಿಫ್ಟನ್ನು ನೆನೆಯುತ್ತಿದ್ದೆ.

ಯಾವಾಗ ಎಂದು ಹೇಳಲಾರೆ, ಜೋಲಿ ತೂಗತೊಡಗಿತು.

ಮೊದಲು ನನ್ನ ಉಸಿರಿಗೇ ಅಲುಗುತ್ತಿದೆ ಎಂದುಕೊಂಡೆ. ಉಸಿರು ಬಿಗಿಹಿಡಿದು ನೋಡಿದೆ. ತೂಗಾಟ ನಿಲ್ಲಲಿಲ್ಲ. ಹೋಗಿ, ತುಸು ನಿಂತು, ಬರುತ್ತಿತ್ತು. ಎಣಿಸುವುದು ಪ್ರೆಸ್ಸಿನವರ ಚಾಳಿ, ಎಣಿಸಿದೆ. ಪ್ರತಿ ಸಲವೂ ಅಷ್ಟೇ ಹೊತ್ತು. ಕತ್ತು ತಿರುಗಿಸಿ ನೋಡಿದರೆ ಎರಡು ಮರ, ಮಂಜು, ಆಚೆ ಹಸು. ಯಾರೂ ಇಲ್ಲ. ಕೂಗಬೇಕು ಅನ್ನಿಸಲಿಲ್ಲ. ಹೆದರಿಕೆಯೂ ಆಗಲಿಲ್ಲ, ಅದೇ ನನಗೆ ಈಗಲೂ ಆಶ್ಚರ್ಯ. ಮೆಲ್ಲಮೆಲ್ಲಗೆ ನನ್ನ ಕೆಳಗಿನ ಬಟ್ಟೆ ಇಳಿಯಿತು, ತಗ್ಗಾಯಿತು, ಭುಜಗಳನ್ನು ಬಿಟ್ಟುಕೊಟ್ಟಿತು. ಮೈ ತಾನಾಗಿ ಮೂಲೆಯಿಂದ ಮೂಲೆಗೆ ಅಡ್ಡವಾಯಿತು. ಬೆನ್ನಿನ ಕೆಳಗಿನಿಂದ ಬಿಸಿ ಬಂತು. ಒಲೆಯ ಬಿಸಿಯಲ್ಲ, ಯಾರೋ ಈಗಷ್ಟೇ ಮಲಗಿ ಎದ್ದ ಹಾಸಿಗೆಯ ಬಿಸಿ. ಕಣ್ಣು ಮುಚ್ಚಿದೆ. ಪ್ರೆಸ್ ಮೇಲೇರಿತು, ಇಳಿಯುತ್ತದೆ ಎಂದು ಕಾದೆ, ಇಳಿಯಲಿಲ್ಲ. ನಲವತ್ತೋ ನಲವತ್ತೊಂದೋ ಎಣಿಸಿದ್ದು ನೆನಪು.

ಎಚ್ಚರಾದಾಗ ಮುಖದ ಮೇಲೆ ಬಿಸಿಲಿತ್ತು. ಫೋನು ನೋಡಿದರೆ ಎಂಟೂ ಇಪ್ಪತ್ತು. ಅಲಾರಂ ಬಡಿದು ಬಡಿದು ತಾನೇ ಸುಮ್ಮನಾಗಿತ್ತು. ಏಳಲು ಹೋದರೆ ಜೋಲಿ ಎಷ್ಟು ಇಳಿದಿತ್ತೆಂದರೆ ಸೊಂಟ ನೆಲಕ್ಕೆ ಗೇಣು ದೂರದಲ್ಲಿತ್ತು. ಅಂಚು ಹಿಡಿದು ಹಳ್ಳದಿಂದ ಹತ್ತಿದ ಹಾಗೆ ಹತ್ತಿ ಹೊರಬಂದೆ. ನಲ್ಲಿಗೆ ಓಡಿ ಮುಖಕ್ಕೆ ನೀರು ಚಿಮುಕಿಸಿಕೊಂಡು, ಕೊಂಬೆಗೆ ಹಾಕಿದ್ದ ಅಂಗಿಗೆ ವಾಪಸು ಬಂದರೆ ಜೋಲಿ ನಾನು ಕಟ್ಟಿದಂತೆಯೇ ಬಿಗಿಯಾಗಿ, ಎದೆಯೆತ್ತರದಲ್ಲಿ ನಿಂತಿತ್ತು. ಸೀಮೆಸುಣ್ಣದ ಗೆರೆ ಕೂದಲೆಳೆಯಷ್ಟೂ ಮುರಿದಿರಲಿಲ್ಲ. ಇಷ್ಟೇ ಆಗಿದ್ದರೆ ನಿದ್ದೆಗಣ್ಣು ಎಂದು ಮರೆತುಬಿಡುತ್ತಿದ್ದೆ. ಆದರೆ ಜೋಲಿಯ ಕೆಳಗೆ, ಹೊರಗಿನಿಂದ, ನಾಲ್ಕು ಮೂಲೆಗೆ ಚಿಂದಿಯಿಂದ ಬಿಗಿದು, ಹಳೆ ಬಟ್ಟೆಯ ಪದರ ಸೇರಿಸಿ ಹೊಲಿದ ಒಂದು ಕೌದಿ ಕಟ್ಟಿತ್ತು.

ಅದನ್ನು ನೋಡುತ್ತಾ ನಿಲ್ಲಲು ಹೊತ್ತಿರಲಿಲ್ಲ. ಕಾರ್ಖಾನೆಗೆ ಓಡಿದೆ, ಬೈಗುಳಕ್ಕೆ ಸಿದ್ಧನಾಗಿಯೇ ಹೋದೆ. ನನ್ನ ಪ್ರೆಸ್ಸಿಗೆ, ಓಡಿಸಬಾರದು ಎಂಬ ಕೆಂಪು ಚೀಟಿ ಕಟ್ಟಿತ್ತು. ಸೂಪರ್‌ವೈಸರ್ ಬೈಯಲಿಲ್ಲ, ನನ್ನ ಕೈಗಳನ್ನೇ ನೋಡಿದರು.

"ನೀನು ಬರ್ಲಿಲ್ಲ ಅಂತ ಮೇಂಟೆನೆನ್ಸ್‌ನವ್ರು ಗ್ರೀಸ್ ಹಾಕಿ ಖಾಲಿ ಓಡ್ಸಿ ನೋಡಿದ್ರು ಗುರು. ಒಂದ್ಸಲ ತುಳಿದ್ರೆ ಎರಡ್ಸಲ ಬಡೀತು. ಕ್ಲಚ್ ಹೋಗಿದೆ. ಮೊದಲ್ನೇ ಏಟಾದ ಕೂಡ್ಲೆ ನೀನು ಕೈ ಹಾಕಿರ್ತಿದ್ದೆ, ಎರಡ್ನೇದು ಕೈ ಮೇಲೆ ಬಿದ್ದಿರ್ತಿತ್ತು."

ಗೋಡೆಗೆ ಒರಗಿಸಿದ್ದ ಆ ಗಾರ್ಡಿನ ಪಕ್ಕದಲ್ಲೇ ಕುಸಿದು ಕುಳಿತು ಅತ್ತುಬಿಟ್ಟೆ. ಯಾರು ನೋಡಿದರೂ ಚಿಂತೆಯಿಲ್ಲ ಅನ್ನಿಸಿತ್ತು. ಕ್ಲಚ್ ಸರಿಯಾದ ದಿನ ಗಾರ್ಡನ್ನು ನಾನೇ ಎತ್ತಿ ಕೂರಿಸಿದೆ. ಆಮೇಲೆ ಯಾರೂ ಅದನ್ನು ಬಿಚ್ಚಲಿಲ್ಲ.

ಸಂಜೆ ಕೌದಿಯನ್ನು ಬಿಚ್ಚಿ ತೋಳಿಗೆ ಹಾಕಿಕೊಂಡು ಕೋಣೆ ಕೋಣೆಗೂ ಹೋಗಿ ಕೇಳಿದೆ. ಯಾರದೂ ಅಲ್ಲ. ಮುನಿಯಮ್ಮ, "ನಮ್ಮನೇಲಿ ಕಂಬ್ಳಿ ಬಿಟ್ರೆ ಬೇರೆ ಇಲ್ಲ ಕಣಪ್ಪ. ನಾನು ರಾತ್ರಿ ಎದ್ದೂ ಇಲ್ಲ" ಎಂದರು. ರಾತ್ರಿ ವರ್ತೂರಿನಿಂದ ಬಂದ ಗಂಗವ್ವನಿಗೆ ತೋರಿಸಿದೆ. ಅವಳ ಕೌದಿ ಅವಳ ಗಂಟಿನಲ್ಲೇ ಇತ್ತು. ಇದನ್ನು ದೀಪದಡಿ ಹರವಿ, ಅಂಚಿನುದ್ದಕ್ಕೂ ಬೆರಳಾಡಿಸಿ, ಒಂದು ಕಡೆ ನಿಲ್ಲಿಸಿದಳು. ಅಲ್ಲಿ ನಾಲ್ಕು ಬೆರಳಗಲ ಹೊಲಿಗೆ ಇರಲಿಲ್ಲ, ದಾರ ಹಾಗೇ ನೇತಾಡುತ್ತಿತ್ತು.

"ನಮ್ಮ ಕಡೀ ಹೊಲಿಗೀನ ಹೌದ್ರಿ, ನನ್ನ ಕೈಯ್ಯಾಗಿಂದಲ್ಲ. ಯಾರೋ ಹೊಲ್ಯಾಕತ್ತಾಕಿ ಅರ್ಧಕ್ಕ ಬಿಟ್ಟು ಎದ್ದು ಬಂದಾಳ್ರಿ" ಎಂದಳು. ಆಮೇಲೆ ಮೆಲ್ಲಗೆ, "ಸೂಜಿ ತರ್ಲೇನ್ರಿ? ಎರಡು ನಿಮಿಷದ ಕೆಲಸ" ಎಂದಳು.

ಬೇಡ ಎಂದೆ. ಕೌದಿಯನ್ನು ಮಡಚಿ ತೋಳಿಗೆ ಹಾಕಿಕೊಂಡೆ. ಮುಗಿಸುವವಳು ಬರಬಹುದು ಅನ್ನಿಸಿತ್ತು, ಅಷ್ಟೆ.

ಇಷ್ಟು ವರ್ಷ ಇದನ್ನು ಎಲ್ಲ ದಿಕ್ಕಿನಿಂದಲೂ ತಿರುಗಿಸಿ ನೋಡಿದ್ದೇನೆ. ಯಾರೋ ಪುಣ್ಯಾತ್ಮರು ಕಟ್ಟಿ ಹೋಗಿರಬಹುದು. ಆದರೆ ಎಪ್ಪತ್ತು ಕಿಲೋ ಭಾರ ಹೊತ್ತ ಬೆಲ್ಟನ್ನು ಸಡಿಲಿಸಿದರೆ ಅದು ಧಡ್ ಎಂದು ಬೀಳುತ್ತದೆ, ಮೆಲ್ಲಗೆ ಇಳಿಯುವುದಿಲ್ಲ. ಇದನ್ನು ಯಾವ ಫಿಟ್ಟರನ್ನಾದರೂ ಕೇಳಿ. ಗೆರೆ ಮುರಿಯದೆ ಸಡಿಲವಾಗುವುದಂತೂ ಸಾಧ್ಯವೇ ಇಲ್ಲ. ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಈಗ ಕ್ಯಾಂಟೀನಿನಲ್ಲಿ ಯಾರಾದರೂ ಕೆರೆ ಏರಿಯ ಕಥೆ ಶುರು ಮಾಡಿದರೆ ನಾನು ತಟ್ಟೆ ಎತ್ತಿಕೊಂಡು ಹೋಗುವುದಿಲ್ಲ.

ಈಗ ಸಿಂಗಸಂದ್ರದಲ್ಲಿದ್ದೇನೆ. ಮಾಗಿ ಬಂದಾಗ ಆ ಕೌದಿಯನ್ನೇ ಹೊದೆಯುತ್ತೇನೆ. ದೀಪ ಆರಿಸಿದ ಮೇಲೆ ಹೊಲಿಯದೆ ಬಿಟ್ಟ ಜಾಗವನ್ನು ತಡವಿ ಹುಡುಕಿ, ಬಲಗೈಯನ್ನು ಅದರೊಳಗೆ ಇಡುತ್ತೇನೆ. ಸರಿಯಾಗಿ ನಾಲ್ಕು ಬೆರಳು ಹಿಡಿಯುತ್ತವೆ. ನಾಲ್ಕೂ ಇವೆ. ಎಂಥ ಚಳಿಯಲ್ಲೂ ಒಳಗೆ ಬೆಚ್ಚಗಿರುತ್ತದೆ, ಯಾರೋ ಈಗಷ್ಟೇ ಕೈ ತೆಗೆದ ಹಾಗೆ.