ರಾಹುಕಾಲದಲ್ಲಿ ಎಚ್ಚರಗೊಂಡ ಸರ್ವರ್

ನನ್ನ ತಂಗಿ ತನ್ನ ಕೈಯಾರೆ ಜೋಡಿಸಿದ ಸರ್ವರ್ ಕಂಪ್ಯೂಟರಿನ ಮೇಲೆ ಆ ಭಾನುವಾರ ನನಗೆ ಬಂದಷ್ಟು ಸಿಟ್ಟು ಮನುಷ್ಯರ ಮೇಲೂ ಬಂದಿಲ್ಲ. ಗುಂಡಿ ಒತ್ತಿದರೆ ಫ್ಯಾನುಗಳು ಹೋ ಎಂದು ತಿರುಗುತ್ತಿದ್ದವು, ದೀಪ ಹತ್ತುತ್ತಿತ್ತು, ಪರದೆ ಮಾತ್ರ ಕಪ್ಪಗೆ. ಪೂರ್ತಿ ಸತ್ತಿದ್ದರೆ ಸತ್ತಿದೆ ಎಂದು ಒಂದು ಕಡೆ ಇಡಬಹುದಿತ್ತು. ಇದು ಉಸಿರಾಡುತ್ತಲೇ ಮಾತು ಬಿಟ್ಟು ಕೂತಿತ್ತು, ಹಟಮಾರಿ.

ನಾವಿಬ್ಬರೂ ವಿಜಯಪುರದ ಕಡೆಯವರು. ಪುಟ್ಟೇನಹಳ್ಳಿಯಲ್ಲಿ ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದೆವು. ನಾನು ಬಿಟಿಎಂ ಬಡಾವಣೆಯ ಆಫೀಸೊಂದಕ್ಕೆ ಹೋಗುತ್ತಿದ್ದೆ. ತಂಗಿ ಮಾತ್ರ ತನ್ನ ಕಂಪನಿ ಬಾಗಿಲು ಹಾಕಿದ ಮೇಲೆ ಮನೆಯಲ್ಲೇ ಇದ್ದಳು. ಕೆಲಸ ಹುಡುಕಿ ಹುಡುಕಿ ಸೋತು, ಕೊನೆಗೆ ತಾನೇ ಒಂದು ದಾರಿ ಮಾಡಿಕೊಂಡಳು. ಸರ್ಕಾರಿ ನೌಕರಿಗೆ ಓದುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಕನ್ನಡದಲ್ಲೇ ಆನ್‌ಲೈನ್ ಮಾದರಿ ಪರೀಕ್ಷೆ. ಅದನ್ನು ನಡೆಸಲೆಂದೇ ಈ ಸರ್ವರ್. ಪ್ರಶ್ನೆಗಳೆಲ್ಲ ಡಿಸ್ಕಿನಲ್ಲಿ ತಯಾರಾಗಿದ್ದವು, ಮೊದಲ ಪರೀಕ್ಷೆ ಅಂದೇ ಸಂಜೆ ಏಳಕ್ಕೆ. ಇದೂ ಆಗದಿದ್ದರೆ ಗಂಟುಮೂಟೆ ಕಟ್ಟಿ ಊರಿಗೆ ಹೋಗುತ್ತೇನೆ ಎಂದು ಅವಳು ಹಿಂದಿನ ವಾರವೇ ಹೇಳಿದ್ದಳು. ಸುಮ್ಮನೆ ಹೇಳುವವಳಲ್ಲ. ಅವಳಿಲ್ಲದೆ ಈ ಮನೆಯಲ್ಲಿ ಒಬ್ಬಳೇ ಇರುವುದನ್ನು ನೆನೆಯಲೂ ನನಗೆ ಆಗುತ್ತಿರಲಿಲ್ಲ.

ಅವಳು ಮೆಮೊರಿ ಪಟ್ಟಿಗಳನ್ನು ತೆಗೆದು ಮತ್ತೆ ಒತ್ತಿ ಕೂರಿಸಿದಳು, ವೈರು ಬದಲಿಸಿದಳು, ಬೇರೆ ಪರದೆ ಹಚ್ಚಿ ನೋಡಿದಳು. ಪ್ರತಿ ಸಲವೂ ಆನ್ ಮಾಡಿ ಎರಡು ನಿಮಿಷ ಆಗುವಷ್ಟರಲ್ಲಿ ನಾನು ‘ಥೂ, ಇದರ ಮನೆ ಹಾಳಾಗ’ ಎಂದು ಸ್ವಿಚ್ಚು ಆರಿಸುತ್ತಿದ್ದೆ. ಬಿಡಿಭಾಗ ಕೊಟ್ಟ ಅಂಗಡಿಯವನು ಭಾನುವಾರವೆಂದು ಫೋನು ಎತ್ತಲಿಲ್ಲ. ಅವನ ವಂಶವನ್ನೆಲ್ಲ ಜಾಲಾಡಿದೆ.

ಮತ್ತೊಮ್ಮೆ ಆನ್ ಮಾಡಿದೆವು. ಮತ್ತದೇ ಕತ್ತಲೆ. ಎಲ್ಲ ಬಿಚ್ಚಿ ಮೊದಲಿಂದ ಜೋಡಿಸುತ್ತೇನೆ ಎಂದು ತಂಗಿ ಸ್ಕ್ರೂಡ್ರೈವರ್ ಹಿಡಿದಳು. ಅಷ್ಟರಲ್ಲಿ ಮನೆ ಓನರ್ ಆಂಟಿ ಮೆಟ್ಟಿಲು ಹತ್ತಿ ಬಂದರು. ಹಳೇ ಹಳ್ಳಿಯ ಮನೆತನ. ತಮ್ಮ ರಾಗಿ ಹೊಲವಿದ್ದಲ್ಲೇ ಬಾಡಿಗೆ ಮನೆ ಕಟ್ಟಿಸಿಕೊಂಡವರು. ಕ್ಯಾಲೆಂಡರ್ ನೋಡದೆ ಪೊರಕೆಯನ್ನೂ ಕೊಳ್ಳುವುದಿಲ್ಲ.

“ನಾಲ್ಕೂವರೆ ಆಯ್ತು, ರಾಹುಕಾಲ. ಈಗ ಹೊಸ ಮೆಷಿನ್ ಬಿಚ್ತಾರೇನಮ್ಮ? ಹೆಂಗಿದ್ಯೋ ಹಂಗೇ ಬಿಡು, ಆಫೂ ಮಾಡ್ಬೇಡ. ಕೆಳಗ್ ಬನ್ನಿ ಇಬ್ರೂ.”

ನನಗೆ ಮೈಯೆಲ್ಲ ಉರಿಯಿತು. ನಾನು ಕೆಲಸಕ್ಕೆ ಸೇರಿದ್ದೇ ರಾಹುಕಾಲದಲ್ಲಿ, ಏನೂ ಆಗಿಲ್ಲ. ಆದರೆ ಓನರ್ ಮಾತು. ಮೇಲಾಗಿ ತಂಗಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ಹೋದೆವು. ಆಂಟಿ ಅವರೆಕಾಳಿನ ಉಪ್ಪಿಟ್ಟು ಬಡಿಸಿದರು, ಬೇಡವೆಂದರೂ ಮತ್ತೊಂದು ಸೌಟು ಹಾಕಿದರು, ಕಾಫಿ ಕುಡಿಯದೆ ಏಳಲು ಬಿಡಲಿಲ್ಲ. ತನ್ನ ಕೈಗುಣವೇ ಸರಿಯಿಲ್ಲ ಎಂದು ತಂಗಿ ತಟ್ಟೆ ನೋಡುತ್ತ ಹೇಳಿದಳು.

ಮೇಲೆ ಬಂದರೆ ಪರದೆಯ ತುಂಬ ಬಿಳಿ ಅಕ್ಷರ.

ತಂಗಿ ಬಾಗಿಲಲ್ಲೇ ನಿಂತಳು. ಆಮೇಲೆ ಮದರ್‌ಬೋರ್ಡಿನ ಜೊತೆ ಬಂದಿದ್ದ ಪುಸ್ತಕ ತಿರುವಿ ಹಣೆ ಚಚ್ಚಿಕೊಂಡಳು. ಇಷ್ಟೊಂದು ಮೆಮೊರಿ ತುಂಬಿದ ಹೊಸ ಯಂತ್ರ ಮೊದಲ ಸಲ ಒಂದೊಂದು ಪಟ್ಟಿಯನ್ನೂ ತಾನೇ ಪರೀಕ್ಷಿಸಿಕೊಳ್ಳುತ್ತದಂತೆ. ಅದು ಮುಗಿಯುವ ತನಕ, ಕಾಲು ಗಂಟೆಯೇ ಆಗಲಿ, ಪರದೆ ಕಪ್ಪಗೇ ಇರುತ್ತದಂತೆ. ನಾವು ಪ್ರತಿ ಸಲ ಅರ್ಧಕ್ಕೇ ಕರೆಂಟು ಕಿತ್ತಿದ್ದೆವು. ಪಾಪ, ಅದು ಮತ್ತೆ ಮೊದಲಿಂದ ಶುರುಮಾಡುತ್ತಿತ್ತು.

ನಮ್ಮ ಹಿಂದೆಯೇ ಬಂದ ಆಂಟಿ ಯಂತ್ರಕ್ಕೆ ಕೈ ಮುಗಿದು, ಟೈಮ್ ನೋಡಿಕೊಂಡು ಮಾಡಬೇಕು ಎಂದರು. ತಂಗಿ ವಿವರಿಸಲು ಬಾಯಿ ತೆರೆದಳು. ನಾನು ಚಿವುಟಿದೆ. ಅವರು ಬರದಿದ್ದರೆ ಇನ್ನೊಂದು ನಿಮಿಷಕ್ಕೆ ನಾನೇ ಆರಿಸುತ್ತಿದ್ದೆನಲ್ಲ, ಯಾವ ಮುಖ ಇಟ್ಟುಕೊಂಡು ವಾದ ಮಾಡಲಿ?

ಏಳಕ್ಕೆ ಪರೀಕ್ಷೆಗೆ ಕೂತವರ ಹೆಸರು, ಊರು ಪರದೆಯ ಮೇಲೆ ಒಂದೊಂದಾಗಿ ಬರತೊಡಗಿದವು. ಸಿಂದಗಿ, ಇಂಡಿ, ಮುದ್ದೇಬಿಹಾಳ. ಮಧ್ಯದಲ್ಲಿ ಯಾರ ಪರೀಕ್ಷೆಯೂ ನಿಲ್ಲಲಿಲ್ಲ. ಪರೀಕ್ಷೆ ಮುಗಿದಾಗ ಅವಳು ಕುಣಿಯಬಹುದು, ನನ್ನನ್ನು ತಬ್ಬಬಹುದು ಎಂದುಕೊಂಡಿದ್ದೆ. ಅವಳು ಪೆನ್ನು ಹುಡುಕುತ್ತಿದ್ದಳು.

“ಅಕ್ಕಾ, ಮುಂದಿನ ರವಿವಾರದ ಪ್ರಶ್ನಿ ಇನ್ನೂ ಒಂದೂ ಬರ್ದಿಲ್ಲ. ನೀ ಊಟ ಮಾಡು, ನಾ ಕುಂದರ್ತೇನಿ.”

ನಾನು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಮನಸಾರೆ ಅತ್ತೆ.