ಆನೆ ತಿಂದ ದೇವರ ಕುಂಬಳಕಾಯಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಸರಗೂರಿನ ಆಚೆ, ಕಾಡಿನ ಅಂಚಿನ ಹೊಲದಲ್ಲಿತ್ತು. ಹಿತ್ತಲ ಬಳ್ಳಿಯಲ್ಲಿ ಬಿಟ್ಟ ಮೊದಲ ಒಳ್ಳೆಯ ಕಾಯಿಯ ತೊಟ್ಟಿಗೆ ಬಿಳಿ ಬಟ್ಟೆಯ ಚೂರು ಕಟ್ಟುವುದು ನಮ್ಮ ಪದ್ಧತಿ. ಕಟ್ಟಿದ ಮೇಲೆ ಅದು ದೇವರ ಪಾಲು. ಸುಗ್ಗಿ ಹಬ್ಬದ ದಿನ ಚರ್ಚಿಗೆ ಹೋಗುವವರೆಗೂ ಯಾರೂ ಮುಟ್ಟುವಂತಿರಲಿಲ್ಲ.

ಆ ವರ್ಷ ಬಟ್ಟೆ ಕಟ್ಟಿದವಳು ಅಕ್ಕ. ಸಾಲದ್ದಕ್ಕೆ, ಸಿಹಿಗುಂಬಳ ಇನ್ನೂ ಎಳೆಗಾಯಿಯಾಗಿದ್ದಾಗಲೇ ಮುಳ್ಳಿನಿಂದ ಅದರ ಮೇಲೆ ಪುಟ್ಟ ಶಿಲುಬೆ ಗೀರಿದ್ದಳು. ಕಾಯಿ ಬೆಳೆದಂತೆ ಶಿಲುಬೆಯೂ ಅಗಲವಾಗುತ್ತಾ ಬಂತು. ನಾನು ಹತ್ತಿರ ಸುಳಿದರೆ ಸಾಕು, ಕಣ್ಣು ಕೆಂಪಗೆ ಮಾಡುತ್ತಿದ್ದಳು. ಜ್ವರ ಬಂದು ಮಲಗಿದ್ದ ಅಮ್ಮ ಎದ್ದು ಓಡಾಡುವಂತಾದರೆ ಈ ಕಾಯಿಯನ್ನು ತಾನೇ ಹೊತ್ತು ತರುತ್ತೇನೆಂದು ಅವಳು ದೇವರಿಗೆ ಮಾತು ಕೊಟ್ಟಿದ್ದಳು. ಅಮ್ಮನೂ ಎದ್ದಿದ್ದಳು.

ಹಬ್ಬದ ಬೆಳಿಗ್ಗೆ ಹಿತ್ತಲಿಗೆ ಹೋದ ಅಕ್ಕ ಚೀರಿದಳು. ಬೇಲಿ ನೆಲಕ್ಕೆ ಮಲಗಿತ್ತು. ಇಬ್ಬನಿಗೆ ನೆನೆದ ಮಣ್ಣಿನಲ್ಲಿ ಮೊರದಗಲದ ಹೆಜ್ಜೆಗಳು, ಲದ್ದಿಯ ವಾಸನೆ, ಹರಿದ ಬಳ್ಳಿ. ಶಿಲುಬೆಯ ಸಮೇತ ಕಾಯಿ ಆನೆಯ ಹೊಟ್ಟೆ ಸೇರಿತ್ತು! ಉಳಿದದ್ದು ಒಂದು ಜಜ್ಜಿದ ಹೋಳು, ಒಂದಿಷ್ಟು ಬೀಜ.

“ದೇವ್ರುಗೇ ಅಂತ ಮಡಗಿದ್ದೆ. ದೇವ್ರು ಯಾಕಪ್ಪಾ ಕಾಯ್ಲಿಲ್ಲ?” ಎಂದು ಅಕ್ಕ ಬಿಕ್ಕಿದಳು.

ಅಪ್ಪ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. “ಕಾಯಿ ಯಾರ್ದವ್ವಾ?”

“ದೇವ್ರುದು.”

“ಆನೆ?”

ಅಕ್ಕ ಮೂಗೊರೆಸಿಕೊಂಡಳು. “ಅದೂ ದೇವ್ರುದೇ.”

“ಅವನ್ ಕಾಯ್ನ ಅವನ್ ಆನೆಗೆ ಕೊಟ್ಕಂಡವ್ನೆ ಬುಡು. ಕೇಳಕ್ಕೆ ನಾವ್ಯಾರವ್ವಾ?”

“ಅಂಗಾರೆ ನಾನೇನ್ ತಕ್ಕೊಂಡೋಗ್ಲಿ? ಬರಿಗೈಲಿ ನಾ ಬರಕಿಲ್ಲ.”

ಅಮ್ಮ ಬಂದು ಮಣ್ಣಿನಿಂದ ಬೀಜ ಹೆಕ್ಕತೊಡಗಿದಳು. ನಾವೂ ಹೆಕ್ಕಿದೆವು.

ಚರ್ಚಿನ ತುಂಬಾ ಹೊಸ ರಾಗಿ, ಅವರೆಕಾಯಿಯ ಸೊಗಡು. ಬಾಳೆಗೊನೆ ಹೊತ್ತವರ ನಡುವೆ ಅಕ್ಕ ಬೀಜದ ಮೊರ ಹಿಡಿದು ನಿಂತಳು. ಆರಾಧನೆ ನಡೆಸುತ್ತಿದ್ದ ಅಯ್ಯನವರು, “ಇದೇನವ್ವಾ?” ಎಂದರು.

“ಕುಂಬ್ಳಕಾಯಿ, ಅಯ್ನೋರೇ. ಆನೆ ತಿಂದ್ಬುಡ್ತು.”

ಜನ ಗೊಳ್ಳೆಂದು ನಕ್ಕರು. ಅಕ್ಕ ಮೊರವನ್ನು ಎದೆಗೆ ಅವುಚಿಕೊಂಡಳು. ಅಯ್ಯನವರು ನಗಲಿಲ್ಲ. ಮೊರದ ಮೇಲೆ ಕೈಯಿಟ್ಟು, ಬೆಳೆಗೂ ನಮಗೂ ಆ ಆನೆಗೂ ಸೇರಿಸಿಯೇ ಪ್ರಾರ್ಥನೆ ಮಾಡಿದರು. ಆಮೇಲೆ ಬೀಜವನ್ನು ಅವಳಿಗೇ ಕೊಟ್ಟು, “ಬಿತ್ತವ್ವಾ” ಎಂದರು. ಮನೆಗೆ ಬರುವ ದಾರಿಯಲ್ಲಿ ಅಕ್ಕ ಮೊರವನ್ನು ಯಾರ ಕೈಗೂ ಕೊಡಲಿಲ್ಲ. ಅವಳ ಆ ಮುಖ ನೆನೆದರೆ ನನಗೆ ಇವತ್ತಿಗೂ ಅಕ್ಕರೆ ಉಕ್ಕುತ್ತದೆ.

ಮಕ್ಕಳೇ, ನಿಮಗೆ ಆನೆ ಫೋನಿನಲ್ಲಿ ಸಿಗುತ್ತದೆ, ಕುಂಬಳಕಾಯಿ ಹ್ಯಾಂಡ್‌ಪೋಸ್ಟ್ ಪೇಟೆಯ ಅಂಗಡಿಯಲ್ಲಿ ಹೋಳಾಗಿ ಸಿಗುತ್ತದೆ. ನಮ್ಮ ಹೊಲದ ಸುತ್ತ ಈಗ ಸೋಲಾರ್ ಬೇಲಿ ಬಂದಿದೆ. ಆನೆ ಇತ್ತ ಸುಳಿಯುವುದಿಲ್ಲ. ಆದರೂ ಮೊನ್ನೆ ಅಕ್ಕನ ಹಿತ್ತಲಲ್ಲಿ ಎರಡು ಕಾಯಿಗೆ ಬಿಳಿ ಬಟ್ಟೆ ಕಟ್ಟಿದ್ದು ಕಂಡು, “ಒಂದು ಚರ್ಚಿಗೆ. ಇನ್ನೊಂದು ಯಾರಿಗಜ್ಜಿ?” ಎಂದು ನೀವು ಕೇಳಿದಿರಲ್ಲ, ಆಗ ಅವಳು ಕಾಡಿನ ಕಡೆ ಕೈತೋರಿಸಿ ಹೇಳಿದ್ದು ಈಗ ನಿಮಗೆ ಅರ್ಥವಾಗಿರಬೇಕು.

“ಎಲ್ಡೂ ಅವನ್ದೇ ಕಣ್ರಪ್ಪಾ.”