ವರಸೆ ಬಿಟ್ಟು ಪಟ್ಟು ಹಿಡಿದದ್ದು

ನನ್ನ ಎಡಗೈಯ ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆ ಚುಚ್ಚಿದ ಸಣ್ಣ ಕಲೆಯೊಂದಿದೆ. ನೀವು ನನ್ನೆದುರು ಕೂತು ಕಾಫಿ ಕುಡಿಯುವವರಾಗಿದ್ದರೆ, ಲೋಟ ಮುಂದೆ ಚಾಚುವಾಗ ಅದು ನಿಮ್ಮ ಕಣ್ಣಿಗೂ ಬೀಳುತ್ತಿತ್ತು. ನಾನು ತುಮಕೂರು–ಕುಣಿಗಲ್ ಬಸ್ಸಿನ ಕಂಡಕ್ಟರ್. ಒಂದು ಮಧ್ಯಾಹ್ನ, ಮಗುವನ್ನೆತ್ತಿಕೊಂಡು ನಿಂತಿದ್ದ ತಾಯಿಯೊಬ್ಬಳಿಗಾಗಿ, ಹೆಂಗಸರ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ ಗಂಡಸೊಬ್ಬನನ್ನು ಏಳಿ ಎಂದೆ. ಅವನು ಏಳಲಿಲ್ಲ, ನಗುತ್ತಾ ನನ್ನ ಕೈ ಹಿಡಿದುಕೊಂಡ. ಎಳೆದಷ್ಟೂ ಹಿಡಿತ ಬಿಗಿಯಾಯಿತು, ಬಳೆ ಒಡೆಯಿತು. ಬಸ್ಸಿನ ತುಂಬ ಇದ್ದ ಜನರಿಗೆಲ್ಲ ಅದೇ ಗಳಿಗೆಯಲ್ಲಿ ಕಿಟಕಿಯಾಚೆಯ ತೆಂಗಿನ ಮರಗಳು ಬಹಳ ಚೆಂದವಾಗಿ ಕಂಡವು. ಡ್ರೈವರ್ ಬಸ್ಸು ನಿಲ್ಲಿಸಿ ಎದ್ದು ಬಂದ ಮೇಲಷ್ಟೇ ಅವನು ಬಿಟ್ಟದ್ದು. ಆಮೇಲೆ ನನ್ನನ್ನು ಕಾಡಿದ್ದು ನೋವಲ್ಲ. ನನ್ನ ಕೈಯನ್ನು ಬಿಡಿಸಿಕೊಳ್ಳುವುದೇ ನನ್ನ ಕೈಯಲ್ಲಿರಲಿಲ್ಲವಲ್ಲ, ಅದು.

ಹುತ್ರಿದುರ್ಗದಲ್ಲಿ ರಾಗಿ ಬೆಳೆಯುವ ನನ್ನ ಸೋದರಮಾವ ಕೆಂಪಣ್ಣ ದೊಣ್ಣೆವರಸೆಯಲ್ಲಿ ಪಳಗಿದವರು. ವಿಷಯ ಕೇಳಿದವರೇ ಮೂಲೆಯಿಂದ ಬಿದಿರು ದೊಣ್ಣೆಯೊಂದನ್ನು ತಂದು ನನ್ನ ಮುಂದಿಟ್ಟರು.

"ಅಂತೋರ್ನ ಹತ್ರಕ್ಕೇ ಬುಟ್ಕೋಬಾರ್ದು ಕಣವ್ವ. ಇದು ಕೈಲಿದ್ರೆ ಒಂದ್ ಮಾರು ಆಚೇನೇ ನಿಂತ್ಕೋತಾನೆ. ಹೆಣ್ಮಕ್ಳಿಗೆ ಹೇಳಿ ಮಾಡ್ಸಿದ್ದು."

ರಜೆಯ ದಿನಗಳಲ್ಲಿ ಬೆಟ್ಟದ ತಪ್ಪಲಿಗೆ ಹೋಗಿ ಕಲಿತೆ. ಸುಳ್ಳು ಹೇಳಲಾರೆ, ಅದೊಂದು ಸೊಗಸಾದ ವಿದ್ಯೆ. ದೊಣ್ಣೆ ಗಾಳಿಯನ್ನು ಸೀಳುವಾಗ ಏಳುವ ಸದ್ದಿಗೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಮಾವನ ಕಣ್ಣಲ್ಲಿ ಹೆಮ್ಮೆಯೂ ಕಾಣುತ್ತಿತ್ತು. ಆದರೆ ಸೋಮವಾರದ ಬೆಳಿಗ್ಗೆ, ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಬ್ಯಾಗು ಅವುಚಿಕೊಂಡು ನುಗ್ಗುವಾಗ ನನಗೇ ನಗು ಬರುತ್ತಿತ್ತು: ಇಲ್ಲಿ ದೊಣ್ಣೆ ಬೀಸುವುದಿರಲಿ, ಟಿಕೆಟ್ ಹರಿಯುವುದಕ್ಕೇ ಮೊಣಕೈ ಆಡುವುದಿಲ್ಲ. ದೂರ ಇರು, ದೂರ ನಿಲ್ಲು ಎಂದು ಹುಟ್ಟಿದಾಗಿನಿಂದ ಹೇಳಿದವರಲ್ಲಿ ಒಬ್ಬರೂ ನನಗೆ ಆ ದೂರವನ್ನು ಕೊಡಿಸಲಿಲ್ಲ. ಹೊಡೆಯುವುದಕ್ಕೆ ಅಂತರ ಬೇಕು, ಅಂತರವೆಂಬುದು ಜಾಗವಿದ್ದವರ ಸ್ವತ್ತು. ನನ್ನ ಬದುಕು ನಡೆಯುವುದು ಇಕ್ಕಟ್ಟಿನಲ್ಲಿ. ನನಗೆ ಬೇಕಾದದ್ದು ಹತ್ತಿರ ಬಂದವನನ್ನು ಹತ್ತಿರದಲ್ಲೇ ಎದುರಿಸುವ ವಿದ್ಯೆ.

ಹಾಗಾಗಿ ತುಮಕೂರಿನ ಹಳೇ ಗರಡಿಯೊಂದರ ಬಾಗಿಲಿಗೆ ಹೋದೆ. ಅಲ್ಲಿ ಕುಸ್ತಿ ಕಲಿಸುವ ಸಿದ್ದಪ್ಪನವರು ಕೆಂಪು ಮಣ್ಣಿನ ಮಟ್ಟಿಯನ್ನು, ಎಂದರೆ ಜಟ್ಟಿಗಳು ಸೆಣಸುವ ಅಖಾಡವನ್ನು, ಗುದ್ದಲಿಯಿಂದ ಹದ ಮಾಡುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಕಾಲೇಜಿನಲ್ಲಿ ಮ್ಯಾಟ್ ಮೇಲೆ ಕುಸ್ತಿಯಾಡುವ ಮೊಮ್ಮಗಳು ಚಂದನಾಳನ್ನು ಕರೆದರು. ಅವಳು ನನ್ನ ಮಣಿಕಟ್ಟು ಹಿಡಿದಳು.

"ಎಳೀಬ್ಯಾಡ. ಅವಳ ಹೆಬ್ಬೆರಳು ಎಲ್ಲೈತೋ ಅಲ್ಲಿಗೆ ಕೈ ತಿರುವು. ಹಿಡಿತದ ಬಾಗಿಲು ಅದೇಯ," ಎಂದರು ಸಿದ್ದಪ್ಪ.

ತಿರುವಿದೆ. ಕೈ ಹೊರಬಂತು. ಎಷ್ಟು ಸಲೀಸಾಗಿ ಬಂದುಬಿಟ್ಟಿತೆಂದರೆ, ನಾನು ಗರಡಿಯ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ.

ಮಟ್ಟಿಗಿಳಿಯಲು ಬಿಡಲಿಲ್ಲ. ಗರಡಿಯ ಅಧ್ಯಕ್ಷರು ಅದೇ ಹೊತ್ತಿಗೆ ಬಂದು, ಸಿದ್ದಪ್ಪನವರಿಂದ ವಿಷಯ ತಿಳಿದುಕೊಂಡರು. ಒಗೆದ ಬಿಳಿ ಅಂಗಿ, ಮೃದುವಾದ ಮಾತು.

"ತಪ್ಪು ತಿಳ್ಕೋಬೇಡಮ್ಮ. ಮಟ್ಟಿ ಅಂದ್ರೆ ದೇವ್ರು. ಹೆಂಗಸ್ರಿಗೆ ತಿಂಗ್ಳಿಗೊಂದ್ಸಲ ಮುಟ್ಟು ಅಂತ ಇರುತ್ತಲ್ಲ. ಚಂದನಾನೇ ಇಲ್ಲಿವರೆಗೂ ಇಳಿದಿಲ್ಲ. ನಿಮ್ ಮಾವ ದೊಣ್ಣೆ ಕಲಿಸ್ತಾವ್ರಂತೆ, ಅದನ್ನೇ ಮಾಡಿ."

ಕನ್ನಡ ಎಷ್ಟು ಚೇಷ್ಟೆಯ ಭಾಷೆ ನೋಡಿ. ಮುಟ್ಟು ಎಂದರೆ ಸ್ಪರ್ಶಿಸು ಎಂಬ ಆಜ್ಞೆ. ಮುಟ್ಟು ಎಂದರೆ ಮುಟ್ಟಬಾರದು ಎಂಬ ಕಟ್ಟಳೆ. ಬಸ್ಸಿನಲ್ಲಿ ನನ್ನನ್ನು ಯಾರು ಬೇಕಾದರೂ ಮುಟ್ಟಬಹುದು, ಆಗ ಯಾವ ದೇವರಿಗೂ ಮೈಲಿಗೆಯಿಲ್ಲ. ನಾನು ಮಣ್ಣು ಮುಟ್ಟಿದರೆ ಮಾತ್ರ ಮಣ್ಣು ಕೆಡುತ್ತದೆ. ರಾಗಿ ಬಿತ್ತುವ, ನಾಟಿ ಹಾಕುವ, ಕಳೆ ಕೀಳುವ ಕೈಗಳು ಯಾರವು ಎಂದು ಆ ಮಣ್ಣನ್ನಾದರೂ ಕೇಳಿದ್ದರೆ ಚೆನ್ನಾಗಿತ್ತು. ವರಸೆಯನ್ನು ಅವರೇ ನನಗಾಗಿ ಆರಿಸಿದ್ದರು. ಅದಕ್ಕೇ ನಾನು ಪಟ್ಟು ಹಿಡಿದೆ.

ಕುಣಿಗಲ್ ಕೆರೆಯ ಹಿಂದೆ ನಮಗೊಂದು ಸಣ್ಣ ತೆಂಗಿನ ತೋಟವಿದೆ. ಅದರ ನಡುವೆ ನಮ್ಮದೇ ಮಟ್ಟಿಗೆಂದು ನಾನೂ ಚಂದನಾಳೂ ಅಗೆದೆವು. ಕೆರೆಯಂಗಳದ ಮಣ್ಣು ಜರಡಿ ಹಿಡಿದು ತುಂಬಿದೆವು, ಎಳ್ಳೆಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡಿದೆವು. ಸಿದ್ದಪ್ಪ ಬಂದು ಮುಷ್ಟಿ ಮಣ್ಣು ಹಿಸುಕಿ ನೋಡಿ, "ಗರಡಿಯೋರು ನನ್ನ ಬಿಡ್ಸಿದ್ರೂ ಪರ್ವಾಗಿಲ್ಲ," ಎಂದು ಅಲ್ಲೇ ಕೂತರು. ಕೆಂಪಣ್ಣಮಾವನಿಗೆ ಮಾತ್ರ ಸಿಟ್ಟು ಬಂತು.

"ನಮ್ ವಿದ್ಯೆ ಬುಟ್ಟು ಮಣ್ಣಲ್ಲಿ ಹೊರಳಾಡ್ತೀಯೇನವ್ವ?"

"ನಿನ್ ವಿದ್ಯೆ ದೊಡ್ಡದೇ ಮಾವ. ನನ್ ಜಾಗ ಚಿಕ್ಕದು," ಎಂದೆ. ಅವರು ಟವೆಲ್ ಕೊಡವಿ ಹೊರಟುಹೋದರು. ಇಂದಿಗೂ ಆ ತೋಟಕ್ಕೆ ಬಂದಿಲ್ಲ. ಆರಿಸಿಕೊಂಡದ್ದಕ್ಕೆ ತೆತ್ತದ್ದು ಅದು; ಅದರ ನೋವು ನನಗಿದೆ.

ಸುದ್ದಿ ತಿಳಿದು ಅಧ್ಯಕ್ಷರೇ ಒಂದು ಭಾನುವಾರ ಕಾರಿನಲ್ಲಿ ಬಂದರು, ಜೊತೆಗಿಬ್ಬರು ಹಿರಿಯರು. ಬೇಲಿಯಾಚೆ ನಿಂತು ಅದೇ ಮೃದುವಾದ ದನಿಯಲ್ಲಿ, "ಯೋಚನೆ ಮಾಡಮ್ಮ, ನಾಳೆ ಏನಾದ್ರೂ ಆದ್ರೆ ಊರಿಗೇ ಕೇಡು," ಎಂದರು.

ನಾನು ಸೊಂಟಕ್ಕೆ ಬಟ್ಟೆ ಬಿಗಿದುಕೊಳ್ಳುತ್ತಿದ್ದೆ.

"ನಾಳೆ ಯಾಕೆ ಸಾರ್? ಇವತ್ತೇ ನಾನು ಮುಟ್ಟು. ಇವತ್ತೇ ಇಳೀತಿದೀನಿ. ನಿಂತ್ಕೊಂಡು ನೋಡಿ."

ಹಿರಿಯರಲ್ಲೊಬ್ಬರು ತಲೆ ತಗ್ಗಿಸಿದರು. ನಾನು ಮಟ್ಟಿಗೆ ಕೈ ಮುಟ್ಟಿಸಿ ಹಣೆಗೊತ್ತಿಕೊಂಡು ಇಳಿದೆ. ಚಂದನಾ ಯಾವ ದಾಕ್ಷಿಣ್ಯವೂ ಇಲ್ಲದೆ ನನ್ನನ್ನೆತ್ತಿ ಒಗೆದಳು. ಬಾಯ್ತುಂಬ ಮಣ್ಣು. ಎದ್ದೆ. ಮತ್ತೆ ಒಗೆದಳು. ಮತ್ತೆ ಎದ್ದೆ. ಮೂಗಿನಲ್ಲಿ ಅರಿಶಿನದ ವಾಸನೆ, ಕಿವಿಯಲ್ಲಿ "ಸೊಂಟ ಕೆಳಗೆ, ಸೊಂಟ ಕೆಳಗೆ" ಎಂಬ ಸಿದ್ದಪ್ಪನವರ ಕೂಗು. ಎಷ್ಟನೆಯ ಸಲವೋ ತಿಳಿಯದು, ಅವಳು ನುಗ್ಗಿದಾಗ ನಾನು ಹಿಂದೆ ಸರಿಯಲಿಲ್ಲ, ಒಳಕ್ಕೇ ಹೋದೆ. ನನ್ನ ಭುಜ ಅವಳ ಎದೆಯಡಿಗೆ ಸೇರಿತು, ಎರಡು ಕೈಗಳೂ ಅವಳ ಬೆನ್ನ ಹಿಂದೆ ಒಂದನ್ನೊಂದು ಬಿಗಿದುಕೊಂಡವು, ಅವಳ ಪಾದಗಳು ನೆಲ ಬಿಟ್ಟವು.

ಕಾರು ಹೊರಟ ಸದ್ದು ಕೇಳಿಸಿತೋ ಇಲ್ಲವೋ, ನನಗೆ ನೆನಪಿಲ್ಲ. ನಾನು ಹಿಡಿದದ್ದನ್ನು ಬಿಟ್ಟಿರಲಿಲ್ಲ.